ಓದುಗರ ಪ್ರಶ್ನೆ – ಉತ್ತರ: ದುಡ್ಡಿನಿಂದ ನೀಗುವ ದುಃಖ, ನೀಗದ ದುಃಖ

ಸಂಪಾದನೆ ಮತ್ತು ನೆಮ್ಮದಿಯ ಸಂಬಂಧದ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದು, ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ತಂದೆಯವರಿಗೆ ಪೇಟೆಯಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ ಇದೆ. ಚೆನ್ನಾಗಿ ದುಡಿದು ಕೈತುಂಬ ಹಣ ನೋಡಬೇಕೆಂಬುದು ನನ್ನ ಆಸೆ. ಅದನ್ನು ಹೇಳಿದಾಗಲೆಲ್ಲ ಅಜ್ಜಿ, "ದುಡ್ಡಿನ ಹಿಂದೆ ಬಿದ್ದವರಿಗೆ ನಿದ್ದೆ ಇಲ್ಲ ಮಗಾ" ಎನ್ನುತ್ತಾರೆ. ಶ್ರೀಮಂತಳಾಗಬೇಕೆಂದು ಬಯಸುವುದು ತಪ್ಪೇ?
— ವಿದ್ಯಾರ್ಥಿನಿ, ಕುಮಟಾ

ಉತ್ತರ: ತಪ್ಪಲ್ಲ. ನಮ್ಮ ಹಿರಿಯರು ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ನಾಲ್ಕು ಪುರುಷಾರ್ಥಗಳನ್ನು ಎಣಿಸಿದಾಗ ಅರ್ಥವನ್ನು ಧರ್ಮದ ನಂತರ ಇಟ್ಟರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಎಣಿಕೆಯಿಂದ ಹೊರಗಿಡಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಬಡತನದಲ್ಲಿ ಏನೋ ಒಂದು ಪಾವಿತ್ರ್ಯವಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆಚ್ಚಾಗಿ ಆ ಮಾತನ್ನು ಆಡುವವರು ಬಡವರಲ್ಲ.

ಶಿರಸಿಯ ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿ ನಾನು 31 ವರ್ಷ ಕೆಲಸ ಮಾಡಿದ್ದೇನೆ. ಅಡಿಕೆ ಬೆಳೆಗಾರರ ಕೈಗೆ ಹಣ ಬರುವುದು ಕೊಯ್ಲು ಮುಗಿದು, ಅಡಿಕೆ ಒಣಗಿ, ವ್ಯಾಪಾರವಾದ ಮೇಲೆ. ಖರ್ಚು ಮಾತ್ರ ವರ್ಷವಿಡೀ ಇರುತ್ತದೆ. ಮಳೆಗಾಲದ ಕೊನೆಯ ಹೊತ್ತಿಗೆ, ಅಂದರೆ ಕೊಳೆರೋಗಕ್ಕೆ ಮದ್ದು ಹೊಡೆಸಿ, ಮಕ್ಕಳ ಫೀ ಕಟ್ಟಿ, ಚೌತಿ ಹಬ್ಬವನ್ನೂ ಪೂರೈಸಿದ ಮೇಲೆ, ನಮ್ಮ ಕೌಂಟರಿಗೆ ಬರುತ್ತಿದ್ದ ಒಬ್ಬ ಸಣ್ಣ ಹಿಡುವಳಿದಾರರ ಮುಖ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರು ಅರ್ಜಿಯಲ್ಲಿ ತಮ್ಮದೇ ಜಮೀನಿನ ಸರ್ವೆ ನಂಬರನ್ನು ತಪ್ಪು ಬರೆಯುತ್ತಿದ್ದರು, ಸಹಿಯನ್ನು ಹಾಕಬಾರದ ಜಾಗದಲ್ಲಿ ಹಾಕುತ್ತಿದ್ದರು, ತಂದ ಪಹಣಿಯನ್ನು ಕೌಂಟರಿನ ಮೇಲೆಯೇ ಮರೆತು ಬಸ್ಸು ಹತ್ತುತ್ತಿದ್ದರು. ಇವರಿಗೆ ವ್ಯವಹಾರಜ್ಞಾನ ಕಡಿಮೆ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಅದೇ ವ್ಯಕ್ತಿ ಒಂದು ಫೆಬ್ರುವರಿಯಲ್ಲಿ ಅಡಿಕೆ ಮಾರಿ ಲೆಕ್ಕ ಚುಕ್ತಾ ಮಾಡಲು ಬಂದವರು, ಬಡ್ಡಿಯ ಲೆಕ್ಕದಲ್ಲಿ ನಾನು ಮಾಡಿದ್ದ 18 ರೂಪಾಯಿಯ ತಪ್ಪನ್ನು ನಿಂತಲ್ಲಿಯೇ ಬಾಯಿಲೆಕ್ಕದಲ್ಲಿ ಹಿಡಿದು ತೋರಿಸಿದರು. ಆ ದಿನ ನನಗಾದ ನಾಚಿಕೆಯನ್ನು ನಾನು ಮರೆತಿಲ್ಲ.

ಹೀಗಾಗುವುದಕ್ಕೆ ಕಾರಣವೇನೆಂಬುದು ಬಹಳ ವರ್ಷಗಳ ನಂತರ ಒಂದು ಅಧ್ಯಯನವನ್ನು ಓದಿದಾಗ ನನಗೆ ತಿಳಿಯಿತು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೊ ಎಂಬ ನಾಲ್ವರು ವಿದ್ವಾಂಸರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ, ಕೊಯ್ಲಿಗೆ ಮೊದಲು ಕೈ ಖಾಲಿಯಾಗಿರುವ ದಿನಗಳಲ್ಲಿ ಒಮ್ಮೆ, ಕೊಯ್ಲಿನ ಹಣ ಬಂದ ಮೇಲೆ ಇನ್ನೊಮ್ಮೆ, ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳನ್ನು ಒಡ್ಡಿದರು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಅದೇ ರೈತ ಕೈ ಖಾಲಿ ಇದ್ದಾಗ ಹೆಚ್ಚು ತಪ್ಪು ಮಾಡುತ್ತಿದ್ದ, ಹಣ ಬಂದ ಮೇಲೆ ಸರಿಯಾಗಿ ಉತ್ತರಿಸುತ್ತಿದ್ದ. ಹಣದ ಕೊರತೆ ಮನುಷ್ಯನ ಹೊಟ್ಟೆಯನ್ನಷ್ಟೇ ಅಲ್ಲದೆ ಅವನ ಗಮನವನ್ನೂ ತಿಂದುಹಾಕುತ್ತದೆ. ನಿಮ್ಮ ತಂದೆಯವರು ರಾತ್ರಿ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕುಳಿತಿರುವಾಗ ಅವರ ತಲೆಯಲ್ಲಿ ಎಷ್ಟು ಲೆಕ್ಕಗಳು ಓಡುತ್ತಿರುತ್ತವೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಭಾರವನ್ನು ಇಳಿಸುವುದಕ್ಕಾಗಿ ದುಡಿಯಬೇಕೆನ್ನುವ ಹಂಬಲ ದುರಾಸೆಯಲ್ಲ.

ಹಾಗೆಂದು ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. ಟಿಮ್ ಕಾಸರ್ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಿಮ್ಮದೇ ವಯಸ್ಸಿನವರನ್ನು ಅಧ್ಯಯನ ಮಾಡಿ 1993ರಲ್ಲಿ ಬರೆದಂತೆ, ಆಪ್ತ ಸಂಬಂಧಗಳು, ಸ್ವಂತ ಬೆಳವಣಿಗೆ, ನಾಲ್ಕು ಜನಕ್ಕೆ ಉಪಕಾರ ಇವೆಲ್ಲಕ್ಕಿಂತ ಹಣದ ಯಶಸ್ಸನ್ನೇ ಮೇಲೆ ಇಟ್ಟುಕೊಂಡವರಲ್ಲಿ ನೆಮ್ಮದಿ ಕಡಿಮೆ ಇತ್ತು, ಆತಂಕ ಹೆಚ್ಚು ಇತ್ತು. ಹಣ ಬೇಕೆನ್ನುವುದು ಒಂದು, ಹಣವೇ ಎಲ್ಲಕ್ಕಿಂತ ಮೇಲೆನ್ನುವುದು ಇನ್ನೊಂದು. ಬಿಡುವಿದ್ದಾಗ ಅಜ್ಜಿಯ ಬಳಿ ಕುಳಿತು, ನಿದ್ದೆಗೆಟ್ಟ ಯಾರನ್ನು ಅವರು ಕಂಡಿದ್ದರು ಎಂದು ಕೇಳಿ. ಆ ಮಾತಿನ ಹಿಂದೆ ಖಂಡಿತ ಒಬ್ಬ ಮನುಷ್ಯ ಇರುತ್ತಾನೆ, ಅವನ ಕಥೆಯಿಂದ ನೀವು ಕಲಿಯುವುದು ನನ್ನ ಉತ್ತರದಿಂದ ಕಲಿಯುವುದಕ್ಕಿಂತ ಹೆಚ್ಚಾಗಬಹುದು.

ಪ್ರಶ್ನೆ: ನನ್ನ ವಯಸ್ಸು 39. ಕಳೆದ 15 ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೇನೆ. 25,000 ರೂಪಾಯಿ ಸಂಬಳಕ್ಕೆ ಸೇರಿದಾಗ, 50,000 ಆದರೆ ಸಾಕು ಎಂದುಕೊಂಡಿದ್ದೆ. ಈಗ 2 ಲಕ್ಷವಾಗಿದೆ, ಸಾಕು ಅನ್ನಿಸಿಲ್ಲ. ಫ್ಲ್ಯಾಟಿನ ಸಾಲದ ಕಂತು ಇನ್ನೂ 11 ವರ್ಷ ಇದೆ. ಊರಿನ ಮನೆಯಲ್ಲಿ ಅಪ್ಪ, ಆಯಿ ಇಬ್ಬರೇ, ಎರಡು ಎಕರೆ ಅಡಿಕೆ ತೋಟ, ಅಪ್ಪನಿಗೆ 73. "ನಿಂಗೆ ಬಪ್ಪಲೆ ಮನಸ್ಸಾದಾಗ ಬಾ ತಮಾ" ಎನ್ನುತ್ತಾರೆ, ಮತ್ತೇನೂ ಹೇಳುವುದಿಲ್ಲ. ಈಗ ವಿದೇಶಕ್ಕೆ ಹೋಗುವ ಅವಕಾಶ ಬಂದಿದೆ, ಸಂಬಳ ಬಹಳ ಹೆಚ್ಚು. ಹೋದರೆ ಈ ಅತೃಪ್ತಿ ನೀಗುವುದೇ? ಅಥವಾ ಎಲ್ಲ ಬಿಟ್ಟು ಊರಿಗೆ ಮರಳಬೇಕೇ? ಇಷ್ಟೆಲ್ಲ ಇದ್ದೂ ಸಂತೋಷವೇಕಿಲ್ಲ?
— ಶಿರಸಿ ತಾಲೂಕಿನ ಓದುಗ, ಸದ್ಯ ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಬೇರೆ ಬೇರೆ ಗಂಟುಗಳಿವೆ, ಒಂದೊಂದಾಗಿ ಬಿಡಿಸಬೇಕು.

"ನನ್ನ ಬದುಕು ಹೇಗಿದೆ?" ಎಂದು ಕುಳಿತು ಯೋಚಿಸಿ ಹೇಳುವ ಉತ್ತರಕ್ಕೂ, "ಇವತ್ತು ದಿನ ಹೇಗೆ ಕಳೆಯಿತು?" ಎಂಬುದಕ್ಕೆ ಕೊಡುವ ಉತ್ತರಕ್ಕೂ ವ್ಯತ್ಯಾಸವಿದೆ. ಡೇನಿಯಲ್ ಕಾಹ್ನೆಮನ್ ಮತ್ತು ಆಂಗಸ್ ಡೀಟನ್, ಇಬ್ಬರೂ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಅಮೆರಿಕದಲ್ಲಿ ಸಂಗ್ರಹಿಸಿದ ಸುಮಾರು 4.5 ಲಕ್ಷ ಉತ್ತರಗಳನ್ನು ಪರಿಶೀಲಿಸಿ 2010ರಲ್ಲಿ ಇದನ್ನೇ ತೋರಿಸಿದರು. ಸೊನ್ನೆಯಿಂದ 10ರವರೆಗೆ ಮೆಟ್ಟಿಲುಗಳಿರುವ ಏಣಿಯಲ್ಲಿ ನಿಮ್ಮ ಬದುಕು ಎಲ್ಲಿದೆ ಎಂದು ಕೇಳಿದಾಗ, ಆದಾಯ ಹೆಚ್ಚಿದಂತೆಲ್ಲ ಜನ ಮೇಲಿನ ಮೆಟ್ಟಿಲನ್ನು ತೋರಿಸುತ್ತಲೇ ಹೋದರು. ಆದರೆ ನಿನ್ನೆಯ ದಿನದ ನಗು, ಬೇಸರ, ಒತ್ತಡಗಳನ್ನು ಕೇಳಿದಾಗ, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ಆಚೆಗೆ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ಈ ಸಂಖ್ಯೆಯನ್ನು ರೂಪಾಯಿಗೆ ಪರಿವರ್ತಿಸಿ "ಇಷ್ಟಾದರೆ ಸಾಕು" ಎನ್ನುವವರನ್ನು ಕಂಡಿದ್ದೇನೆ. ಅದು ಆ ದೇಶದ, ಆ ಕಾಲದ ಲೆಕ್ಕ. ನಮ್ಮ ಬದುಕಿಗೆ ಹಾಗೆಯೇ ಹೊಂದಿಸಲಾಗದು.

ಮುಂದೆ ನಡೆದದ್ದು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬ ಸಂಶೋಧಕರು 33,000ಕ್ಕೂ ಹೆಚ್ಚು ಉದ್ಯೋಗಸ್ಥರನ್ನು, ದಿನದ ನಡುವೆ ಯಾವಾಗಲೋ ಮೊಬೈಲಿನ ಮೂಲಕ "ಈ ಕ್ಷಣ ಹೇಗನಿಸುತ್ತಿದೆ?" ಎಂದು ಕೇಳಿ, ಅಂತಹ ನಿಲುಗಡೆಯೇ ಇಲ್ಲ, ಆದಾಯದೊಂದಿಗೆ ಸಂತೋಷವೂ ಏರುತ್ತಲೇ ಹೋಗುತ್ತದೆ ಎಂದು 2021ರಲ್ಲಿ ವಾದಿಸಿದರು. ಅಲ್ಲಿ ಜಗಳವಾಗಬಹುದಿತ್ತು. ಆದರೆ ಕಾಹ್ನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಎಂಬ ಸಂಶೋಧಕಿಯ ಮಧ್ಯಸ್ಥಿಕೆಯಲ್ಲಿ ಒಟ್ಟಿಗೆ ಕುಳಿತು ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದರು. 2023ರಲ್ಲಿ ಹೊರಬಂದ ಉತ್ತರವಿದು: ಹೆಚ್ಚಿನವರ ವಿಷಯದಲ್ಲಿ ಆದಾಯದೊಂದಿಗೆ ಸಂತೋಷವೂ ಏರುತ್ತಲೇ ಹೋಗುತ್ತದೆ, ಆದರೆ ತೀರ ಅಸುಖಿಗಳಾದ ಸುಮಾರು ಐದನೆಯ ಒಂದು ಭಾಗದ ಜನರಲ್ಲಿ ಅದು ಒಂದು ಹಂತದವರೆಗೆ ಏರಿ ಅಲ್ಲಿಗೇ ನಿಂತುಬಿಡುತ್ತದೆ. ಆ ಹಂತದವರೆಗಿನ ಕಷ್ಟವನ್ನು ಹಣ ಕಳೆಯಿತು. ಉಳಿದ ದುಃಖ ಸಾವಿನದು, ಅಗಲಿಕೆಯದು, ಮುರಿದ ಮನಸ್ಸಿನದು, ಅದಕ್ಕೆ ಸಂಬಳದ ಏರಿಕೆ ಮದ್ದಲ್ಲ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಆದ್ದರಿಂದ ನೀವು ಮೊದಲು ಕೇಳಿಕೊಳ್ಳಬೇಕಾದದ್ದು "ಇನ್ನೆಷ್ಟು ಬೇಕು?" ಎಂದಲ್ಲ, "ನನ್ನ ಈ ಬೇಸರ ಯಾವ ಜಾತಿಯದು?" ಎಂದು.

ಇನ್ನೊಂದು ಮಾತು. ಈ ಅಧ್ಯಯನಗಳಲ್ಲಿ ಸಂತೋಷ ಏರುವುದು ರೂಪಾಯಿಯ ಲೆಕ್ಕದಲ್ಲಿ ಅಲ್ಲ, ಎಷ್ಟು ಪಟ್ಟು ಹೆಚ್ಚಾಯಿತು ಎಂಬ ಲೆಕ್ಕದಲ್ಲಿ. ನಿಮ್ಮ ಸಂಬಳ 25,000ದಿಂದ 50,000ಕ್ಕೆ ಏರಿದಾಗ ಆದ ಹಿಗ್ಗು ಎಷ್ಟೋ, ಇಂದು ಅಷ್ಟೇ ಹಿಗ್ಗು ಬೇಕಾದರೆ ಸಂಬಳ 2 ಲಕ್ಷದಿಂದ 4 ಲಕ್ಷಕ್ಕೆ ಏರಬೇಕು. ಹಾಗಾಗಿ ಕಳೆದ ಬಾರಿ 15,000 ಹೆಚ್ಚಿಗೆ ಸಿಕ್ಕಾಗ ಏನೂ ಅನ್ನಿಸಲಿಲ್ಲವೆಂದು ನೀವು ಬರೆದಿರುವುದು ಕೃತಘ್ನತೆಯಲ್ಲ. ನಿಮ್ಮನ್ನು ನೀವು ಆ ಕಾರಣಕ್ಕೆ ಹಳಿದುಕೊಳ್ಳುವುದನ್ನು ದಯವಿಟ್ಟು ಬಿಡಿ.

ಬಂದದ್ದೆಲ್ಲ ಬೇಗ ಹಳೆಯದಾಗುತ್ತದೆ ಎಂಬುದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಲಾಟರಿ ಗೆದ್ದವರು ಇತರರಿಗಿಂತ ಹೆಚ್ಚು ಸುಖವಾಗಿಲ್ಲ ಎಂದು ಹೇಳಿದ 1978ರ ಒಂದು ಅಮೆರಿಕನ್ ಅಧ್ಯಯನ ಬಹಳ ಪ್ರಸಿದ್ಧವಾಗಿದೆ. ಅದರಲ್ಲಿ ಇದ್ದದ್ದು 22 ವಿಜೇತರು ಮಾತ್ರ ಎಂಬುದನ್ನು ಉಲ್ಲೇಖಿಸುವವರು ವಿರಳ. ಸ್ವೀಡನ್ನಿನಲ್ಲಿ ಇದಕ್ಕಿಂತ ಬಹಳ ದೊಡ್ಡ ಸಂಖ್ಯೆಯ ವಿಜೇತರನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ, ದೊಡ್ಡ ಬಹುಮಾನ ಪಡೆದವರ ಜೀವನ ಸಂತೃಪ್ತಿ ದಶಕ ಕಳೆದರೂ ಹೆಚ್ಚಾಗಿಯೇ ಉಳಿದಿತ್ತು, ಆದರೆ ದಿನನಿತ್ಯದ ಸಂತೋಷದಲ್ಲಿ ಆದ ವ್ಯತ್ಯಾಸ ಅದಕ್ಕಿಂತ ಸಣ್ಣದು ಎಂದು ಕಂಡುಕೊಂಡಿತು. ನಾಳೆ ಏನೋ ಎಂಬ ಭಯ ಹೋಗುವುದು ಸಣ್ಣ ಲಾಭವಲ್ಲ. ನಿಮ್ಮ ಅಪ್ಪ ಬಹುಶಃ ಆ ಭಯದೊಂದಿಗೇ ಬದುಕಿದರು, ನಿಮಗೆ ಅದಿಲ್ಲ. ಇದಕ್ಕೆ ಬೆಲೆ ಕೊಡಿ.

ಇನ್ನು ಹೋಲಿಕೆಯ ಮಾತು. ನಮ್ಮ ಕಡೆಯ ಉಪನಯನದ ಮನೆಗಳಲ್ಲಿ ನಡೆಯುವುದನ್ನು ನೀವೂ ನೋಡಿರುತ್ತೀರಿ. ಕಳೆದ ವರ್ಷ ಅಂಥದೊಂದು ಊಟದ ಪಂಕ್ತಿಯಲ್ಲಿ ನಾನು ಕುಳಿತಿದ್ದೆ, ಅಪ್ಪೆಹುಳಿ ಬಡಿಸುತ್ತ ಬಂದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿದ್ದವರಿಗೆ ಸೌಟನ್ನು ಹಾಗೆಯೇ ಹಿಡಿದುಕೊಂಡು, "ಮಾಣಿಗೆ ಪ್ಯಾಕೇಜ್ ಎಷ್ಟಡ?" ಎಂದು ಕೇಳಿದರು. ಉತ್ತರ ಬಂತು. ಅದೇ ಸಾಲಿನಲ್ಲಿ ನಾಲ್ಕು ಎಲೆ ಆಚೆ ಕುಳಿತಿದ್ದ ಇನ್ನೊಬ್ಬ ಯುವಕ, ಅಲ್ಲಿಯವರೆಗೆ ನಗುತ್ತ ಮಾತಾಡುತ್ತಿದ್ದವನು, ತಲೆ ತಗ್ಗಿಸಿ ಅನ್ನ ಕಲಸತೊಡಗಿದ. ಅವನ ಸಂಬಳ ಆ ಕ್ಷಣದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞ 1974ರಲ್ಲಿ ಎತ್ತಿದ ಪ್ರಶ್ನೆ ಇದೇ: ಒಂದು ಕಾಲಕ್ಕೆ ಒಂದು ದೇಶದೊಳಗೆ ನೋಡಿದರೆ ಉಳ್ಳವರು ಇಲ್ಲದವರಿಗಿಂತ ಸುಖವಾಗಿದ್ದಾರೆ, ಆದರೆ ಇಡೀ ದೇಶದ ಆದಾಯ ವರ್ಷದಿಂದ ವರ್ಷಕ್ಕೆ ಏರಿದರೂ ಒಟ್ಟು ಜನರ ಸುಖ ಅದಕ್ಕೆ ತಕ್ಕಂತೆ ಏರುವುದಿಲ್ಲವೇಕೆ? ಪಕ್ಕದವನ ಎಲೆಯನ್ನು ನೋಡಿ ನಮ್ಮ ಊಟವನ್ನು ಅಳೆಯುವುದೇ ಕಾರಣವೆಂದು ಅವರು ಭಾವಿಸಿದರು. ಅವರ ವಾದವನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಆ ಪಂಕ್ತಿಯಲ್ಲಿ ಕುಳಿತಿದ್ದ ನನಗೆ ಮಾತ್ರ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ವಿದೇಶಕ್ಕೆ ಹೋದರೆ ನಿಮ್ಮ ಪಂಕ್ತಿ ಬದಲಾಗುತ್ತದೆ. ಅಲ್ಲಿ ಅಕ್ಕಪಕ್ಕ ಕೂರುವವರು ನಿಮಗಿಂತ ಹೆಚ್ಚು ದುಡಿಯುವವರೇ ಆಗಿರುತ್ತಾರೆ.

ಹಾಗಾದರೆ ಊರಿಗೆ ಮರಳಿದರೆ ನೆಮ್ಮದಿಯೇ? ಹಾಗೆಂದು ನಾನು ಹೇಳಲಾರೆ. ತೋಟವೆಂದರೆ ಹಬ್ಬಕ್ಕೆ ಬಂದಾಗ ಕಾಣುವ ತಂಪು ನೆರಳಲ್ಲ. ಎಲೆಚುಕ್ಕಿ ರೋಗ, ಮಂಗಗಳ ಕಾಟ, ಮರವೇರಿ ಅಡಿಕೆ ಕೊಯ್ಯಲು ಸಮಯಕ್ಕೆ ಸಿಗದ ಕೊನೆಗೌಡರು, ಏರಿಳಿಯುವ ದರ ಇವನ್ನೆಲ್ಲ 73ರ ವಯಸ್ಸಿನಲ್ಲೂ ನಿಭಾಯಿಸುತ್ತಿರುವವರು ನಿಮ್ಮ ಅಪ್ಪ. ಎರಡು ಎಕರೆಯ ಉತ್ಪನ್ನದಿಂದ ಬೆಂಗಳೂರಿನ ಫ್ಲ್ಯಾಟಿನ ಕಂತು ತೀರುವುದೂ ಇಲ್ಲ. ಅಸಮಾಧಾನದಿಂದ ಓಡಿ ಬಂದವರಿಗೆ ಊರು ಎರಡು ಮಳೆಗಾಲದಲ್ಲಿ ಸಾಕಾಗಿಬಿಡುವುದನ್ನು ಕಂಡಿದ್ದೇನೆ. ಯೋಚಿಸಿ, ಸಾಲ ತೀರಿಸಿ, ಹೆಂಡತಿಯೊಡನೆ ಒಮ್ಮತಕ್ಕೆ ಬಂದು ಮರಳಿದವರು ನಿಂತದ್ದನ್ನೂ ಕಂಡಿದ್ದೇನೆ.

ನಿಮ್ಮ ಪತ್ರದಲ್ಲಿ ಸಂಬಳದ ಬಗ್ಗೆ ಎಂಟು ವಾಕ್ಯಗಳಿವೆ, ಅಪ್ಪನ ಬಗ್ಗೆ ಎರಡು. ಆದರೆ ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದಿದ್ದೀರಿ, ಬೇರೆ ಯಾರ ಮಾತನ್ನೂ ಹಾಗೆ ಬರೆದಿಲ್ಲ. ನಿಮ್ಮ ಬೇಸರದ ಬೇರು ಅಲ್ಲಿದೆ ಎಂದು ನನಗನಿಸುತ್ತದೆ. ಅದು ನಿಜವಾಗಿದ್ದರೆ ಸಂಬಳ ದುಪ್ಪಟ್ಟಾದರೂ ಅದು ನೀಗದು; ಆದರೆ ಈಗಿರುವ ಸಂಬಳದ ಒಂದು ಪಾಲನ್ನು ಅದಕ್ಕಾಗಿ ಖರ್ಚು ಮಾಡಬಹುದು. ಆಶ್ಲಿ ವಿಲ್ಲನ್ಸ್ ಮತ್ತು ಸಂಗಡಿಗರು ಕೆಲವು ದೇಶಗಳ 6,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಡವಾದ ಕೆಲಸವನ್ನು ಹಣ ಕೊಟ್ಟು ಮಾಡಿಸಿಕೊಂಡು ಸಮಯ ಉಳಿಸಿಕೊಂಡವರಲ್ಲಿ ಜೀವನ ಸಂತೃಪ್ತಿ ಹೆಚ್ಚಿತ್ತು. ಅಪ್ಪನಿಗೆ ವರ್ಷವಿಡೀ ಜೊತೆಗಿರುವ ಒಬ್ಬ ಆಳನ್ನು ಗೊತ್ತುಮಾಡಿ, ಸಂಬಳ ನೀವು ಕೊಡಿ. ಈ ಬಾರಿ ಅಡಿಕೆ ಗೊನೆ ಕೊಯ್ಯುವ ಹೊತ್ತಿಗೆ ಮೂರು ವಾರ ರಜೆ ಹಾಕಿ, ನೆಂಟರಂತೆ ಬಾರದೆ, ಅಡಿಕೆ ಸುಲಿಯುವಾಗ, ಒಣಹಾಕುವಾಗ ಜೊತೆಗಿರಿ. ಮಗಳನ್ನೂ ಕರೆತನ್ನಿ. ವಿದೇಶದ ವಿಷಯವನ್ನು ಆ ಮೂರು ವಾರ ಕಳೆದ ಮೇಲೆ ನಿರ್ಧರಿಸಿ. ಅಷ್ಟರೊಳಗೆ ಉತ್ತರ ಕೊಡಲೇಬೇಕೆಂದು ಕಂಪನಿ ಒತ್ತಾಯಿಸಿದರೆ, ನನ್ನ ಅಭಿಪ್ರಾಯದಲ್ಲಿ ಬಿಟ್ಟುಕೊಡಬೇಕಾದದ್ದು ಆ ಅವಕಾಶವನ್ನೇ.

ಪ್ರಶ್ನೆ: ಮದುವೆಯಾದ ಮೂರೇ ತಿಂಗಳಿಗೆ ನನ್ನ ಯಜಮಾನರು ಕೊಲ್ಲಿ ರಾಷ್ಟ್ರಕ್ಕೆ ಹೋದರು. 12 ವರ್ಷವಾಯಿತು. ವರ್ಷಕ್ಕೊಮ್ಮೆ 40 ದಿನ ರಜೆಯ ಮೇಲೆ ಬರುತ್ತಾರೆ. ಮನೆ ಕಟ್ಟಿದ್ದೇವೆ, ಮಕ್ಕಳಿಬ್ಬರೂ ಒಳ್ಳೆಯ ಶಾಲೆಯಲ್ಲಿದ್ದಾರೆ. ಮಾವನವರು ರಂಪಣಿ ಬಲೆ ಎಳೆದು ಬದುಕಿದವರು. "ನಮ್ಮ ಕಾಲದಲ್ಲಿ ಗಂಜಿಗೂ ಗತಿ ಇರಲಿಲ್ಲ, ನೀವು ಪುಣ್ಯವಂತರು" ಎನ್ನುತ್ತಾರೆ. ಅವರ ಮಾತು ನಿಜವಾದ್ದರಿಂದ ನನಗೆ ಅಳಲಿಕ್ಕೂ ನಾಚಿಕೆ. "ಇನ್ನೆರಡು ವರ್ಷ" ಎಂದು ಯಜಮಾನರು ಹೇಳುತ್ತಿರುವುದು ಇದು ಮೂರನೆಯ ಸಲ. ನಾನು ಅತಿಯಾಸೆಯವಳೇ?
— ಗೃಹಿಣಿ, ಕಾರವಾರ

ಉತ್ತರ: ಖಂಡಿತ ಅಲ್ಲ, ತಾಯಿ. ನಾಚಿಕೆಪಡುವಂಥದ್ದು ನಿಮ್ಮ ಪತ್ರದಲ್ಲಿ ಏನೂ ಇಲ್ಲ.

ಮಾವನವರ ಮಾತೂ ನಿಜ, ನಿಮ್ಮ ಕಣ್ಣೀರೂ ನಿಜ. ಅವರು ಬದುಕಿದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ರಂಪಣಿಯನ್ನು ಒಂದು ಮನೆಯವರು ಎಳೆಯಲಾಗುತ್ತಿರಲಿಲ್ಲ. ದೋಣಿಯಲ್ಲಿ ಹೋಗಿ ಬಲೆಯನ್ನು ಸುತ್ತ ಬಿಟ್ಟು ಬಂದ ಮೇಲೆ, ದಡದಲ್ಲಿ ಎರಡು ಕಡೆಯ ಹಗ್ಗಕ್ಕೂ ಹತ್ತಾರು ಜನ ಕೈ ಹಚ್ಚಬೇಕಿತ್ತು, ಬಂದ ಮೀನು ಪಾಲಾಗುತ್ತಿತ್ತು. ಬಲೆ ಬರಿದಾಗಿ ಬಂದ ದಿನ ಎಲ್ಲರ ಮನೆಯಲ್ಲೂ ಬರಿದೇ. 1970ರ ದಶಕದ ಕೊನೆಯ ಹೊತ್ತಿಗೆ ದೊಡ್ಡ ಬಲೆಯ ಯಂತ್ರಚಾಲಿತ ಪರ್ಸೀನ್ ಬೋಟುಗಳು ಬಂದು ಆ ಕ್ರಮ ಕರಗುತ್ತ ಹೋಯಿತು. ಆ ಕಾಲವನ್ನು ಚಂದಗಾಣಿಸಿ ಹೇಳುವ ಇಚ್ಛೆ ನನಗಿಲ್ಲ, ಹಸಿವು ಹಸಿವೇ. ಆದರೆ ಅವರ ದುಃಖ ಹಣವಿಲ್ಲದ್ದರಿಂದ ಬಂದದ್ದು, ಮಗ ದುಡಿದ ಹಣ ಅದನ್ನು ನೀಗಿಸಿತು. ಅದಕ್ಕೇ ಅವರು ನಿಮ್ಮನ್ನು ಪುಣ್ಯವಂತರೆನ್ನುತ್ತಾರೆ. ಸಂಜೆಯಾದರೆ ಅವರು ಗಂಜಿಯನ್ನಾದರೂ ಹೆಂಡತಿ ಮಕ್ಕಳ ಜೊತೆ ಕುಳಿತು ಉಣ್ಣುತ್ತಿದ್ದರು. ನಿಮ್ಮ ಅಕ್ಕಿ ಡಬ್ಬಿ ತುಂಬಿದೆ, ಜೊತೆಗೆ ಕೂರುವವರು ಫೋನಿನ ಪರದೆಯಲ್ಲಿದ್ದಾರೆ. ವರ್ಷಕ್ಕೆ 40 ದಿನದಂತೆ 12 ವರ್ಷಕ್ಕೆ 480 ದಿನ. ಒಂದು ವರ್ಷ ನಾಲ್ಕು ತಿಂಗಳೂ ಪೂರ್ತಿ ಆಗುವುದಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಒಂದು ಅಧ್ಯಯನವಿದೆ. 724 ಹುಡುಗರನ್ನು, ಅವರಲ್ಲಿ ಬಡವರೂ ಇದ್ದರು ಉಳ್ಳವರೂ ಇದ್ದರು, ಮುಪ್ಪಿನವರೆಗೆ ಹಿಂಬಾಲಿಸಿ ನೋಡಿದಾಗ, 50ರ ವಯಸ್ಸಿನಲ್ಲಿ ತಮ್ಮ ಆಪ್ತ ಸಂಬಂಧಗಳ ಬಗ್ಗೆ ತೃಪ್ತಿ ಇದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರೆಂದು ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುತ್ತಾರೆ. ನೀವು ಬಯಸುತ್ತಿರುವುದು ಸಂಪತ್ತಿನ ಮೇಲಿನ ಅಲಂಕಾರವಲ್ಲ.

ಯಜಮಾನರ ಕಡೆಯಿಂದಲೂ ಒಮ್ಮೆ ನೋಡಿ. "ಇನ್ನೆರಡು ವರ್ಷ" ಎನ್ನುವುದು ಸುಳ್ಳಾಗಿರಲಾರದು, ಅವರಿಗೆ ಹೆದರಿಕೆ ಇರಬಹುದು. ನನ್ನ ಸೋದರಮಾವನೊಬ್ಬ ಮುಂಬಯಿಯ ಹೋಟೆಲಿನಲ್ಲಿ 26 ವರ್ಷ ದುಡಿದು ಅಂಕೋಲೆಗೆ ಮರಳಿದ. ಮೊದಲ ದಿನ ಬೆಳಿಗ್ಗೆ ತಾನೇ ಚಹಾ ಮಾಡಲು ಹೋಗಿ, ಸಕ್ಕರೆ ಡಬ್ಬ ಎಲ್ಲಿದೆ ಎಂದು ತನ್ನದೇ ಮನೆಯ ಅಡುಗೆ ಕೋಣೆಯಲ್ಲಿ ನಿಂತು ಕೂಗಿ ಕೇಳಬೇಕಾಯಿತು. ಅತ್ತೆ ಬಂದು ಡಬ್ಬ ತೆಗೆದುಕೊಟ್ಟಳು. ಆತ ಚಹಾ ಮಾಡದೆ ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತ. ಹಣ ಕಳಿಸುವವನಾಗಿ ಅವನಿಗೆ ಆ ಮನೆಯಲ್ಲಿ ಒಂದು ಸ್ಥಾನವಿತ್ತು, ಬಂದು ನೆಲೆಸಿದವನಾಗಿ ಹೊಸದಾಗಿ ಹುಡುಕಿಕೊಳ್ಳಬೇಕಿತ್ತು. ನಿಮ್ಮ ಯಜಮಾನರಿಗೂ ಇಂಥ ಅಂಜಿಕೆ ಒಳಗೊಳಗೇ ಇದ್ದರೆ, ಹಣದ ಮಾತು ಅದನ್ನು ಮರೆಮಾಚುವ ಸುಲಭದ ದಾರಿಯಾಗಿರುತ್ತದೆ.

ಮುಂದಿನ ರಜೆಯಲ್ಲಿ ಮೊದಲ ವಾರವೇ, ಹೊರಡುವ ಮುನ್ನಾದಿನವಲ್ಲ, ಇಬ್ಬರೂ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಮನೆಯ ಸಾಲ ಎಷ್ಟು ಉಳಿದಿದೆ, ತಿಂಗಳ ಖರ್ಚು ಎಷ್ಟು, ಮಕ್ಕಳ ಕಾಲೇಜಿಗೆ ಎಷ್ಟು ಬೇಕು, ಮಾವನವರ ಆಸ್ಪತ್ರೆ ಖರ್ಚಿಗೆ ಎಷ್ಟು ತೆಗೆದಿಡಬೇಕು, ಅವರ ಕಸುಬಿಗೆ ಕಾರವಾರದಲ್ಲೋ ಗೋವೆಯಲ್ಲೋ ಎಷ್ಟು ಸಿಕ್ಕೀತು ಎಂಬುದನ್ನೆಲ್ಲ ಬರೆಯಿರಿ. ಕೊನೆಗೆ ಒಂದು ಮೊತ್ತ, ಒಂದು ತಿಂಗಳು, ಒಂದು ಇಸವಿ ಬರೆದು ಮಾವನವರಿಗೂ ಓದಿ ಹೇಳಿ. ಸಾಲ ವಿಭಾಗದಲ್ಲಿ ಕುಳಿತವನಾಗಿ ಹೇಳುತ್ತೇನೆ, ಮೊತ್ತ ಬರೆಯದ ಗುರಿ ಬಡ್ಡಿಯಂತೆ ಬೆಳೆಯುತ್ತಲೇ ಹೋಗುತ್ತದೆ. ಆ ಮೊತ್ತಕ್ಕೆ ಮೂರು ವರ್ಷ ಬೇಕೆಂದು ಲೆಕ್ಕ ತೋರಿಸಿದರೆ ಮೂರು ವರ್ಷವೇ ಆಗಲಿ. ಕೊನೆ ಗೊತ್ತಿರುವ ಕಾಯುವಿಕೆ, ಕೊನೆ ಗೊತ್ತಿಲ್ಲದ ಕಾಯುವಿಕೆಯಷ್ಟು ಮನುಷ್ಯನನ್ನು ಸವೆಸುವುದಿಲ್ಲ. ಲೆಕ್ಕ ಮುಗಿದ ಮೇಲೆ, ಹಣದ ಮಾತು ಬಿಟ್ಟು, ಬಂದ ಮೇಲೆ ಅವರು ದಿನವಿಡೀ ಏನು ಮಾಡಲು ಬಯಸುತ್ತಾರೆಂದು ಕೇಳಿ. ಇದನ್ನು ಬಹುಶಃ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಪ್ರಶ್ನೆ: ನಿವೃತ್ತಳಾಗಿ ಒಂಬತ್ತು ವರ್ಷವಾಯಿತು. ಒಬ್ಬಳೇ ಇದ್ದೇನೆ. ಪಿಂಚಣಿ ಸಾಕಾಗಿ ಮಿಗುತ್ತದೆ, ಬ್ಯಾಂಕಿನಲ್ಲಿ ಠೇವಣಿಯೂ ಇದೆ. ಆದರೆ ಖರ್ಚು ಮಾಡಲು ಕೈ ಬರುವುದಿಲ್ಲ. ಆಟೋ ಹತ್ತಿದರೂ ಪಾಪ ಮಾಡಿದಂತೆನಿಸಿ ಬಿಸಿಲಿನಲ್ಲೇ ನಡೆಯುತ್ತೇನೆ. ಪಕ್ಕದ ಮನೆಯ ಹುಡುಗಿ ಕಾಲೇಜಿನ ಬಸ್ಸು ಹಿಡಿಯಲು ದಿನಾ ನಾಲ್ಕು ಕಿಲೋಮೀಟರ್ ನಡೆಯುವುದನ್ನು ನೋಡುವಾಗ ನನ್ನ ಠೇವಣಿಯ ನೆನಪಾಗಿ ಸಂಕಟವಾಗುತ್ತದೆ. ಇದು ಕಾಯಿಲೆಯೇ?
— ನಿವೃತ್ತ ಶಿಕ್ಷಕಿ, ಸಿದ್ದಾಪುರ

ಉತ್ತರ: ಕಾಯಿಲೆಯಲ್ಲ ಅಕ್ಕೋರೇ. ಇಲ್ಲದ ದಿನಗಳಲ್ಲಿ ಕಲಿತ ಅಭ್ಯಾಸ, ಇರುವ ದಿನ ಬಂದರೂ ಬಿಟ್ಟಿಲ್ಲ. ಆಸ್ಪತ್ರೆಗೆಂದು ಒಂದು ದೊಡ್ಡ ಪಾಲನ್ನು ಮುಟ್ಟದೆ ಇಟ್ಟುಬಿಡಿ, ಅದರಿಂದ ಉಳಿದದ್ದರ ಮೇಲಿನ ಭಯ ಕಡಿಮೆಯಾಗುತ್ತದೆ.

ಎಲಿಜಬೆತ್ ಡನ್, ಲಾರಾ ಆಕ್ನಿನ್ ಮತ್ತು ಮೈಕೆಲ್ ನಾರ್ಟನ್ 2008ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ 46 ಜನರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ತಮಗಾಗಿ, ಕೆಲವರಿಗೆ ಬೇರೆಯವರಿಗಾಗಿ ಖರ್ಚು ಮಾಡಲು ಹೇಳಿದ್ದರು. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. ಮೊತ್ತ 5 ಆಗಿತ್ತೋ 20 ಆಗಿತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನೀವು ಇದನ್ನು ಪ್ರಯೋಗವಿಲ್ಲದೆಯೇ ಬಲ್ಲಿರಿ, ಇಲ್ಲವಾದರೆ ಆ ಹುಡುಗಿಯ ವಿಷಯ ನಿಮ್ಮ ಪತ್ರದಲ್ಲಿ ಬರುತ್ತಿರಲಿಲ್ಲ.

ಅವಳಿಗೊಂದು ಸೈಕಲ್ ಕೊಡಿಸಿ. ಮೊದಲು ಅವಳ ತಾಯಿಯನ್ನು ಒಬ್ಬರೇ ಇರುವಾಗ ಕೇಳಿ, ಅವರ ಮನಸ್ಸಿಗೆ ನೋವಾಗದ ಹಾಗೆ ಮಾತಾಡುವುದು ಇಷ್ಟು ವರ್ಷ ಪಾಠ ಹೇಳಿದ ನಿಮಗೆ ಗೊತ್ತಿದೆ. ಬಣ್ಣವನ್ನು ಹುಡುಗಿಯೇ ಆರಿಸಲಿ, ಅಂಗಡಿಗೆ ಅವಳ ಜೊತೆ ನೀವೂ ಹೋಗಿ. ಹೋಗುವಾಗ ಆಟೋದಲ್ಲೇ ಹೋಗಿ.